ಆ ನ್ಯಾಯಾಧೀಶೆಯ ಹೆಸರು ಹೇಳಿ ನನ್ನಿಂದ ಸುಳ್ಳು ಲೆಕ್ಕ ಬರೆಸಬೇಡಿ

ಈಗಷ್ಟೇ ಒಬ್ಬರ ಫೋನ್ ಇಟ್ಟೆ. ಮಗಳ ಸಂಗೀತ ಪಾಠದ ಫೀಸನ್ನು ಟ್ಯಾಕ್ಸ್ ಉಳಿಸಲು ತಮ್ಮ ಬಿಸಿನೆಸ್ ಖರ್ಚಿಗೆ ಸೇರಿಸಬೇಕಂತೆ. ಆಗಲ್ಲ ಅಂದಿದ್ದಕ್ಕೆ, "ಟ್ಯಾಕ್ಸ್ ಕೋರ್ಟ್ ಜಡ್ಜೇ ಹಾಗೆ ಮಾಡಿದ್ರಲ್ಲ ಸಾರ್, ನಮ್ಮದೇನು ಮಹಾ?" ಅಂದರು. ಮೈ ಉರಿದುಹೋಯಿತು. ಇಲ್ಲಿ ಅಮೆರಿಕದಲ್ಲಿ ಜನರ ಟ್ಯಾಕ್ಸ್ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಅವರು ಹೇಳಿದ್ದು ಡಯಾನ್ ಕ್ರೂಪಾ ಬಗ್ಗೆ. ಸೌತ್ ಡಕೋಟಾದಲ್ಲಿ ಕಾನೂನು ಓದಿ, ತೆರಿಗೆ ಇಲಾಖೆಯ ವಕೀಲೆಯಾಗಿ ದುಡಿದು, ಮಿನ್ನೆಸೋಟ ರಾಜ್ಯದ ಟ್ಯಾಕ್ಸ್ ಕೋರ್ಟಿಗೆ ಮುಖ್ಯ ನ್ಯಾಯಾಧೀಶೆಯಾಗಿದ್ದವರು. 2003ರಲ್ಲಿ ಅಧ್ಯಕ್ಷ ಬುಷ್ ಅವರನ್ನು ಫೆಡರಲ್ ಟ್ಯಾಕ್ಸ್ ಕೋರ್ಟಿಗೆ, ಅಂದರೆ ಕೇಂದ್ರ ತೆರಿಗೆ ಇಲಾಖೆಯ ಜೊತೆ ಜನರಿಗಿರುವ ತಕರಾರು ಕೇಳುವ ಕೋರ್ಟಿಗೆ ನೇಮಿಸಿದರು. ಆ ಪೀಠದಲ್ಲಿ ಕೂತಿದ್ದ ಕಾಲದಲ್ಲೇ ಪಿಲಾಟಿಸ್ ವ್ಯಾಯಾಮದ ಕ್ಲಾಸು, ಸ್ಪಾ, ಒಡವೆ, ವೈನ್ ಕ್ಲಬ್ಬು, ಸಂಗೀತ ಪಾಠ ಎಲ್ಲವೂ ಗಂಡನ ಕನ್ಸಲ್ಟಿಂಗ್ ಕಂಪನಿಯ ಖರ್ಚಿನ ಲೆಕ್ಕ ಸೇರಿದವು. ಜಮೀನು ಮಾರಿ ಬಂದ 44,520 ಡಾಲರನ್ನು ಮುಚ್ಚಿಟ್ಟು, ಕೇಳಿದಾಗ ಪಿತ್ರಾರ್ಜಿತ ಅಂದರು. ತೆರಿಗೆ ಇಲಾಖೆಯ 2006ರ ಆಡಿಟ್‌ನಲ್ಲಿ ಗಂಡ ಹೆಂಡತಿ ದಾಖಲೆ ಬಚ್ಚಿಟ್ಟರು. 2012ರಲ್ಲಿ ಮತ್ತೆ ಆಡಿಟ್ ಬಂತು, ಮತ್ತೆ ಅದೇ ಆಟ.

ಅವರ ತೀರ್ಪುಗಳನ್ನು ಓದಿ ಕಲಿತವನು ನಾನು. ಅದಕ್ಕೇ ಇಷ್ಟು ಸಂಕಟ.

ಆ ಕೋರ್ಟಿನಲ್ಲಿ ವರ್ಷಕ್ಕೆ 50,000 ಡಾಲರ್ ಮೀರದ ತಕರಾರುಗಳಿಗೆ ಸಣ್ಣ ಕೇಸಿನ ದಾರಿಯಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರು ಕಾರಿನ ಮೈಲಿ ಬರೆದ ಡೈರಿ, ಅಕ್ಷರ ಮಾಸಿದ ರಸೀದಿ ತುಂಬಿದ ಕವರ್ ಹಿಡಿದು ಬರುತ್ತಾರೆ. ಕಾರಿನ ಖರ್ಚಿಗೆ ಸರಿಯಾದ ದಾಖಲೆ ಇಲ್ಲವೋ, ಅದಕ್ಕೆ ಸಿಗಬೇಕಾದ ತೆರಿಗೆ ವಿನಾಯಿತಿ ಹೋದಂತೆಯೇ. ಅಲ್ಲಿ ಜಡ್ಜ್ ಹೇಳಿದ್ದೇ ಕೊನೆ, ಮೇಲ್ಮನವಿಯೂ ಇಲ್ಲ. ಹೀಗೆ ಜನರ ರಸೀದಿ ಕೇಳುವ ಪೀಠದಲ್ಲಿ ಕೂತವರು ತಮ್ಮ ದಾಖಲೆಯನ್ನೇ ಬಚ್ಚಿಡುವುದೇ? ರಸೀದಿ ಕಳೆದುಕೊಂಡವನದು ಮರೆವು, ಇವರದು ಗೊತ್ತಿದ್ದೂ ಮಾಡಿದ ಮೋಸ.

"ಕೊನೆಗೆ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡರಲ್ಲ, 2017ರಲ್ಲಿ 34 ತಿಂಗಳ ಜೈಲೂ ಆಯಿತಲ್ಲ" ಅನ್ನುತ್ತಾರೆ ಗೆಳೆಯರು. ಆಯಿತು, ಸರಿ. ಆದರೆ ಮೊದಲ ಆಡಿಟ್‌ನವರ ಕಣ್ಣಿಗೆ ಮಣ್ಣೆರಚಿದ ಮೇಲೂ 2014ರಲ್ಲಿ ನಿವೃತ್ತರಾಗುವವರೆಗೆ ಆಕೆ ಅಲ್ಲೇ ಕೂತು ತೀರ್ಪು ಕೊಟ್ಟರಲ್ಲ? ಆ ವರ್ಷಗಳಲ್ಲಿ ಅವರೆದುರು ಕೈಕಟ್ಟಿ ನಿಂತು, ಸೋತು, ದಂಡ ಕಟ್ಟಿ ಹೋದವರಿಗೆ ಈ ಜೈಲುಶಿಕ್ಷೆಯಿಂದ ಏನು ವಾಪಸ್ ಬಂತು? ಯಾರಾದರೂ ಹೇಳಿ.