ಮೂವತ್ತು ಸೆಂಟಿನ ಹೂಜಿ

1903ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಇಡೀ ಸೀಸನ್ನಿನಲ್ಲಿ ಹೊಡೆದ ಅಂಕ 565, ಬಿಟ್ಟುಕೊಟ್ಟದ್ದು ಬರೀ 6. ಆ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ನಲ್ಲಿ ಓದಿ ಅಲ್ಲೇ ನೆಲೆಸಿರುವ ನನ್ನ ಮೈದುನ ಇದನ್ನು ಹೇಳುವ ಠೀವಿ ನೋಡಿದರೆ, ಅರ್ಧ ಅಂಕ ಇವನೇ ಹೊಡೆದಿರಬೇಕು ಅನ್ನಿಸುತ್ತದೆ. ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಆ ಆರು ಅಂಕ ಹೊಡೆದದ್ದು ನಮ್ಮೂರಿನ ಮಿನ್ನೆಸೋಟ ವಿಶ್ವವಿದ್ಯಾಲಯದವರು. ಹೀಗಾಗಿ ದೀಪಾವಳಿಗೆ ಅಣ್ಣತಮ್ಮಂದಿರು ಕೂತರೆ ಹೋಳಿಗೆ ಆರುವವರೆಗೂ ಇದೇ ಮಾತು.

ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಆಗೆಲ್ಲ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗೂ ಇರಲಿಲ್ಲ. ಆ ಅನುಮತಿ ಸಿಕ್ಕಿದ್ದು 1906ರಲ್ಲಿ. ಬೀಳುವುದೊಂದೇ ದಾರಿ. ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಐದು ಅಂಕ, ಆಮೇಲೆ ಒದ್ದು ಗೋಲು ದಾಟಿಸಿದರೆ ಇನ್ನೊಂದು. ಮಿಶಿಗನ್ ಕೋಚ್ ಫೀಲ್ಡಿಂಗ್ ಯೋಸ್ಟ್. ಸದಾ ಆಟಗಾರರ ಬೆನ್ನು ಹತ್ತಿ ಅವಸರಿಸುತ್ತಿದ್ದ ಅಂತ ಅವನಿಗೆ 'ಹರಿ ಅಪ್' ಯೋಸ್ಟ್ ಅಂತಲೇ ಹೆಸರು. ಆ ವರ್ಷ ಫೆರಿಸ್ ಅನ್ನುವ ಪಾಪದ ತಂಡವನ್ನು 88–0, ಬೆಲಾಯ್ಟನ್ನು 79–0. ಇದು ಆಟವೋ ಅರೆಯುವ ಕಲ್ಲೋ!

ಇರಲಿ. ನನಗೆ ಈ ಸೀಸನ್ನಿನಲ್ಲಿ ಆಸಕ್ತಿ ಹುಟ್ಟಿದ್ದು ಒಂದು ಪಾತ್ರೆಯಿಂದ.

1901ರಿಂದ ಒಂದೇ ಸಮ 29 ಪಂದ್ಯ ಗೆದ್ದಿದ್ದ ಈ ಮಂದಿ 1903ರ ಅಕ್ಟೋಬರ್ 31ರಂದು ನಮ್ಮೂರಿಗೆ ಬಂದರು. ಕುಡಿಯುವ ನೀರಿಗೆ ಪಾತ್ರೆಯೇ ಇಲ್ಲ! ಟಾಮಿ ರಾಬರ್ಟ್ಸ್ ಅನ್ನುವ ವಿದ್ಯಾರ್ಥಿ ಮ್ಯಾನೇಜರ್ ಓಡಿಹೋಗಿ ಮೂವತ್ತು ಸೆಂಟಿಗೆ ಐದು ಗ್ಯಾಲನ್ನಿನ ಕಲ್ಲುಮಣ್ಣಿನ ಹೂಜಿ ಕೊಂಡು ತಂದ. ಊರಿನ ನೀರಿಗೆ ಯಾರಾದರೂ ಏನಾದರೂ ಬೆರೆಸಿಯಾರು ಅಂತ ಯೋಸ್ಟ್ ಹೆದರಿದ್ದ ಅನ್ನುವ ಕತೆಯೂ ಇದೆ. ಬೀಗರ ಮನೆಯಲ್ಲಿ ಕಾಫಿ ಮೂಸಿ ನೋಡಿ ಕುಡಿಯುವವರು ಎಲ್ಲ ದೇಶದಲ್ಲೂ ಇರುತ್ತಾರೆ.

ಮಿಶಿಗನ್ನಿಗೆ ಆರು ಅಂಕ. ಕೊನೆಕೊನೆಗೆ ಮಿನ್ನೆಸೋಟದ್ದೂ ಒಂದು ಟಚ್‌ಡೌನ್; ಕ್ಯಾಪ್ಟನ್ ಎಡ್ ರಾಜರ್ಸ್ ಒದ್ದು 6–6 ಮಾಡಿದ. ಆಟ ಮುಗಿಯಲು ಇನ್ನೂ ಎರಡು ನಿಮಿಷ ಇತ್ತಂತೆ, ಜನ ಕೇಳಬೇಕಲ್ಲ, ಮೈದಾನಕ್ಕೇ ನುಗ್ಗಿದರು. ಪಂದ್ಯ ಅಲ್ಲಿಗೇ ನಿಂತಿತು. ಅವಸರದ ಯೋಸ್ಟ್ ಅವಸರದಲ್ಲೇ ಊರಿಗೆ ಹೊರಟ. ಹೂಜಿ ಇಲ್ಲೇ ಉಳಿಯಿತು.

ಮರುದಿನ ಆಸ್ಕರ್ ಮುನ್ಸನ್ ಅನ್ನುವ ನೌಕರ ಅದನ್ನು ಎತ್ತಿ ತಂದು ಅಥ್ಲೆಟಿಕ್ ವಿಭಾಗದ ಮುಖ್ಯಸ್ಥ ಕುಕ್ ಅವರ ಮುಂದೆ ಇಟ್ಟ. ವಾಪಸು ಕಳಿಸಿದರೇ? ಬದಲಿಗೆ ಬಣ್ಣ ತಂದು ಅದರ ಮೇಲೆ, ಇದು 1903ರ ಅಕ್ಟೋಬರ್ 31ರಂದು ಆಸ್ಕರ್ ವಶಪಡಿಸಿಕೊಂಡ ಮಿಶಿಗನ್ ಹೂಜಿ ಅಂತ ಬರೆದರು. ಅಂಕ ಬರೆಯುವಾಗ ಮಿನ್ನೆಸೋಟದ ಆರು ದೊಡ್ಡದು, ಮಿಶಿಗನ್ನಿನ ಆರು ಚಿಕ್ಕದು! ಮದುವೆಗೆ ಕೊಟ್ಟ ಸ್ಟೀಲ್ ಕೊಡದ ಮೇಲೆ ಕೊಟ್ಟವರ ಹೆಸರು ದೊಡ್ಡದಾಗಿ, ವಧೂವರರ ಹೆಸರು ಅಂಚಿನಲ್ಲಿ ಕೆತ್ತಿಸುತ್ತಾರಲ್ಲ, ಥೇಟ್ ಹಾಗೆ.

"ಹೂಜಿ ಬೇಕಿದ್ದರೆ ಗೆದ್ದು ಒಯ್ಯಿರಿ" ಅಂತ ಇವರು ಹೇಳಿಕಳಿಸಿದರು ಅನ್ನುವುದು ನಮ್ಮವರು ಕೈ ಬೀಸಿ ಹೇಳುವ ಭಾಗ. ನಿಜವೋ ಆಮೇಲೆ ಹೆಣೆದದ್ದೋ, 1909ರವರೆಗೆ ಎರಡೂ ತಂಡ ಮತ್ತೆ ಆಡಲಿಲ್ಲ. ಆ ವರ್ಷ ಮಿಶಿಗನ್‌ನವರು ಬಂದು 15–6ರಲ್ಲಿ ಗೆದ್ದು ಹೂಜಿ ಹೊತ್ತುಕೊಂಡು ಹೋದರು. ಇಂದಿಗೂ ಈ ಎರಡು ತಂಡ ಆಡಿದರೆ ಬಹುಮಾನ ಅದೇ ಹೂಜಿ. ಮಿನ್ನೆಸೋಟದವರು ಜಾಣರು, ಖಂಡಿತ. ಆದರೆ ಬೇರೆಯವರ ಪಾತ್ರೆ ಇಟ್ಟುಕೊಂಡು ಮೆರೆಯುವುದು ಯಾವ ಊರಿನ ನ್ಯಾಯ?

ಹೀಗೆ ಕೇಳಲು ನನಗೆ ಹಕ್ಕಿದೆ. ಹೋದ ವರ್ಷ ಮೈದುನನ ಮಗಳ ನಾಮಕರಣಕ್ಕೆ ನನ್ನ ಇಡ್ಲಿ ಪಾತ್ರೆ ಆನ್ ಆರ್ಬರ್‌ಗೆ ಹೋಯಿತು. ತಟ್ಟೆಗಳು ಮಾತ್ರ ವಾಪಸು ಬಂದವು. ಪಾತ್ರೆ ಎಲ್ಲಿ ಅಂದರೆ ನಮ್ಮವರು, "ಬೇಕಂತಲೇ ಬಿಟ್ಟು ಬಂದೆ ಕಣೇ, ಕಾರಲ್ಲಿ ಜಾಗ ಇರಲಿಲ್ಲ" ಅಂದರು. ಆ ಟಾಮಿ ರಾಬರ್ಟ್ಸ್ ಕೂಡ ಎಷ್ಟೋ ದಶಕದ ಮೇಲೆ, ಹೂಜಿಯ ಕೆಲಸ ಮುಗಿದಿತ್ತು, ಬೇಕೆಂದೇ ಬಿಟ್ಟೆ ಅಂದನಂತೆ. ಗಂಡಸರ ಮರೆವಿಗೆ ಕಾರಣ ನಿಧಾನಕ್ಕೆ ಹುಟ್ಟುತ್ತದೆ.

ಮೈದುನನಿಗೆ ಫೋನ್ ಮಾಡಿದೆ.

"ಅತ್ತಿಗೆ, ನಿಮ್ಮ ಟೀಮ್ ಗೆದ್ದ ದಿನ ನಾನೇ ತಂದುಕೊಡ್ತೀನಿ."

"ಅಷ್ಟರೊಳಗೆ ನೀನು ಕಳೆದುಬಿಟ್ಟರೆ?"

ಅನುಮಾನ ಸುಮ್ಮನೆ ಬಂದದ್ದಲ್ಲ. ಆ ಹೂಜಿಯನ್ನೇ ಮಿಶಿಗನ್‌ನವರು 1931ರಲ್ಲಿ ಕಳೆದಿದ್ದರು. ಅದು ಪೊದೆಯ ಹಿಂದೆ ಸಿಕ್ಕಿದ್ದು 1933ರಲ್ಲಿ.

ಈ ಶತಮಾನದಲ್ಲಿ ಮಿನ್ನೆಸೋಟ ಹೂಜಿ ಗೆದ್ದದ್ದು 2005ರಲ್ಲಿ ಒಮ್ಮೆ, ಆಮೇಲೆ 2014ರಲ್ಲಿ ಒಮ್ಮೆ. ಈ ಲೆಕ್ಕಕ್ಕೆ ಇಡ್ಲಿ ಹಿಟ್ಟು ಕಾಯುವುದಿಲ್ಲ. ಬೆಂಗಳೂರಿಂದ ಬರುವ ತಂಗಿಗೆ ಹೊಸ ಪಾತ್ರೆ ಹೇಳಿದ್ದೇನೆ, ನನ್ನ ಹೆಸರು ದೊಡ್ಡದಾಗಿ ಕೆತ್ತಿಸಿಕೊಂಡೇ ಬಾ ಅಂತ.