ಹಾಡು ಬಿಡಿ, ಹೈ-ಹ್ಯಾಟ್ ಕೇಳಿ

ನ್ಯೂಜೆರ್ಸಿಯಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದರೆ ಎರಡು ಅಪಾಯ ಇರುತ್ತವೆ. ಒಂದು, ಊಟ ಆದ ಮೇಲೆ ಅವರ ಮಗು ಬಂದು ಕೀಬೋರ್ಡ್ ಬಾರಿಸುವುದು. ಅದಕ್ಕೆ ಚಪ್ಪಾಳೆ ತಟ್ಟಿ ಪಾರಾಗಬಹುದು. ಇನ್ನೊಂದು, ಯಜಮಾನರು ಮೆಲ್ಲಗೆ ಭುಜ ಮುಟ್ಟಿ "ಬನ್ನಿ, ಕೆಳಗೆ ಹೋಗೋಣ" ಅನ್ನುವುದು. ಕೆಳಗೆ ಅಂದರೆ ಬೇಸ್‌ಮೆಂಟ್. ಅಲ್ಲಿಂದ ವಾಪಸ್ ಮೇಲೆ ಬರುವ ಹೊತ್ತಿಗೆ ಉಳಿದ ಬಿಸಿಬೇಳೆಬಾತು ಡಬ್ಬಿಗೆ ಸೇರಿ, ಡಬ್ಬಿ ಚೀಲಕ್ಕೆ ಸೇರಿ, ಚೀಲ ಹಿಡಿದ ಹೆಂಡತಿ ಕೋಟು ತೊಟ್ಟು ಬಾಗಿಲಲ್ಲಿ ನಿಂತಿರುತ್ತಾಳೆ.

ನಾನು ಹೇಳುತ್ತಿರುವುದು ಅಜರಾಯರ ಬೇಸ್‌ಮೆಂಟಿನ ವಿಷಯ. ಅದು ಅವರ ಹೆಸರಲ್ಲ, ನಾವು ಬೆನ್ನ ಹಿಂದೆ ಇಟ್ಟಿದ್ದು. ಸ್ಟೀಲಿ ಡ್ಯಾನ್ ಎಂಬ ಅಮೆರಿಕದ ಬ್ಯಾಂಡ್ 1977ರಲ್ಲಿ ಒಂದು ಆಲ್ಬಮ್ ಮಾಡಿತು. ಅದರ ಮೇಲೆ ಇಂಗ್ಲಿಷಿನಲ್ಲಿ ಎ, ಜೆ, ಎ ಅಂತ ಬರೆದಿದೆ. ಮೈಸೂರಿನಲ್ಲಿ ಸಂಸ್ಕೃತ ತೆಗೆದುಕೊಂಡು ನೂರಕ್ಕೆ ತೊಂಬತ್ತು ತೆಗೆದ ನಾನು ಅದನ್ನು 'ಅಜ' ಅಂತ ಓದಿ, ಆಡಿನ ಚಿತ್ರ ಎಲ್ಲಿ ಅಂತ ಕವರ್ ತಿರುಗಿಸಿ ನೋಡಿದೆ. ರಾಯರು ಕಿವಿ ಮುಚ್ಚಿಕೊಂಡರು. "ಏಷ್ಯಾ ಕಣ್ರೀ! ಏಷ್ಯಾ ಅನ್ನಬೇಕು!" ಬ್ಯಾಂಡಿನವನ ಸ್ಕೂಲು ಗೆಳೆಯನ ಅಣ್ಣನೋ ತಮ್ಮನೋ ಕೊರಿಯಾದ ಹುಡುಗಿಯನ್ನು ಮದುವೆಯಾದನಂತೆ, ಅವಳ ಹೆಸರಂತೆ. ಕವರಿನ ಮೇಲಿರುವವಳು ಜಪಾನಿನ ಮಾಡೆಲ್ ಸಯೋಕೋ ಯಾಮಗುಚಿ. ಹೆಸರು ಕೊರಿಯಾದ್ದು, ಮುಖ ಜಪಾನಿನದ್ದು, ಹಾಡಿದವರು ಅಮೆರಿಕದವರು. ಇಷ್ಟರಲ್ಲಿ ನಿಜವಾದ ಏಷ್ಯಾದವನು ಓದಿದ್ದು ಮಾತ್ರ ತಪ್ಪು.

ರಾಯರ ಮನೆ ಇರುವುದು ಕೆಂಡಾಲ್ ಪಾರ್ಕಿನಲ್ಲಿ. ಈಗ ಆ ಬೀದಿಗಳಲ್ಲಿ ಎಷ್ಟೋ ಬಾಗಿಲಿಗೆ ಪ್ಲಾಸ್ಟಿಕ್ ತೋರಣ ಇದೆ. ಒಂದು ಕಾಲದಲ್ಲಿ ಸ್ಟೀಲಿ ಡ್ಯಾನಿನ ಡೊನಾಲ್ಡ್ ಫೇಗನ್ ಹುಡುಗನಾಗಿ ಬೆಳೆದದ್ದೂ ಅಲ್ಲೇ, 1965ರಲ್ಲಿ ಸೌತ್ ಬ್ರನ್ಸ್‌ವಿಕ್ ಹೈಸ್ಕೂಲು ಮುಗಿಸಿದ್ದೂ ಅಲ್ಲೇ. ಒಂದೇ ಅಚ್ಚಿನ ಮನೆ, ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು. ಪಾಪ, ಹುಡುಗನಿಗೆ ತಲೆ ಕೆಟ್ಟು ಹೋಗುತ್ತಿತ್ತು. ರಾತ್ರಿ ರೇಡಿಯೋದಲ್ಲಿ ನ್ಯೂಯಾರ್ಕಿನ ಜಾಝ್ ಕೇಳುತ್ತಾ, ಈ ಊರಿಂದ ಯಾವಾಗ ಪಾರಾಗುತ್ತೇನೋ ಅಂತ ಕಾಯುತ್ತಿದ್ದ. ಅವನು ತಪ್ಪಿಸಿಕೊಂಡು ಓಡಿದ ಊರಿಗೆ ನಮ್ಮ ರಾಯರು, ಸ್ಕೂಲು ಚೆನ್ನಾಗಿದೆ ಅಂತ ಮೂವತ್ತು ವರ್ಷದ ಸಾಲ ಮಾಡಿಕೊಂಡು ಬಂದರು. ಬಂದ ಮೇಲೆ ಬೇಸ್‌ಮೆಂಟಿಗೆ ಇಳಿದು ಅವನ ಹಾಡು ಹಾಕಿದರು.

ಹಾಕಿದರು ಅಂತ ಸುಲಭವಾಗಿ ಬರೆದುಬಿಟ್ಟೆ. ಹಾಕುವುದು ಅಷ್ಟು ಬೇಗ ಆಗುವ ಕೆಲಸವಲ್ಲ. ಮೊದಲು ಆಂಪ್ಲಿಫೈಯರ್ ಬಿಸಿಯಾಗಬೇಕು, ಅದಕ್ಕೆ ಅರ್ಧ ಗಂಟೆ. ಆಮೇಲೆ ರೆಕಾರ್ಡಿಗೆ ಅಭಿಷೇಕ: ಒಂದು ಸೀಸೆಯಿಂದ ಹನಿ ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಸುತ್ತ ಒರೆಸಿ, ಬೆಳಕಿಗೆ ಹಿಡಿದು ನೋಡಬೇಕು. ಸೂಜಿಗೂ ಬೇರೆ ಬ್ರಷ್ ಇದೆ. ನನ್ನನ್ನು ಎರಡು ಸ್ಪೀಕರಿನ ಮಧ್ಯದ ಕುರ್ಚಿಯಲ್ಲಿ ಕೂರಿಸಿ, ನೆಲದ ಮೇಲೆ ಟೇಪಿನಿಂದ ಮಾಡಿದ ಗುರುತಿಗೆ ಸರಿಯಾಗಿ ಕುರ್ಚಿಯ ಕಾಲು ಸರಿಸಿ, ತಲೆಯನ್ನು ಕ್ಷೌರದವರ ಹಾಗೆ ಎರಡು ಬೆರಳಿನಲ್ಲಿ ಸ್ವಲ್ಪ ಎಡಕ್ಕೆ ತಿರುಗಿಸಿದರು. "ಈಗ ಸರಿ. ಅಲ್ಲಾಡಬೇಡಿ."

ಹಾಡು ಶುರುವಾಯಿತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಲು ಕುಣಿಸಿದೆ. ರಾಯರು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ನಿಲ್ಲಿಸಿದರು. "ಹಾಡು ಬಿಡಿ. ಹೈ-ಹ್ಯಾಟ್ ಕೇಳಿ." ಹೈ-ಹ್ಯಾಟ್ ಅಂದರೆ ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಾಳ.

ಈ ರೋಗ ರಾಯರೊಬ್ಬರದ್ದೇ ಅಲ್ಲ. ಸ್ಟೀಲಿ ಡ್ಯಾನ್ ಭಕ್ತರು ಎಲ್ಲೆಡೆ ಹೀಗೇ. ಬೇರೆ ಬ್ಯಾಂಡಿನ ಅಭಿಮಾನಿಗಳಿಗೆ ಹಾಡು ಬಾಯಿಪಾಠ ಬರುತ್ತದೆ. ಇವರಿಗೆ ಹಾಡಿನ ಹಿಂದೆ ಯಾರು ಯಾವತ್ತು ಏನು ಬಾರಿಸಿದರು ಅನ್ನುವುದು ಬಾಯಿಪಾಠ ಬರುತ್ತದೆ. 'ಪೆಗ್' ಹಾಡಿನ ಗಿಟಾರ್ ತುಣುಕಿಗೆ ಏಳೋ ಎಂಟೋ ಘಟಾನುಘಟಿ ಗಿಟಾರಿಗರು ಬಂದು ಬಾರಿಸಿ ಹೋಗಿ, ಕೊನೆಗೆ ಜೇ ಗ್ರೇಡನ್ ಬಾರಿಸಿದ್ದು ಉಳಿಯಿತು. ಇದನ್ನು ಹೇಳುವಾಗ ರಾಯರ ಮುಖ ನೋಡಬೇಕು, ಸೀತಾ ಸ್ವಯಂವರದ ಕಥೆ ಹೇಳುವ ಹರಿಕಥೆ ದಾಸರೇ. ಹೆಸರಾಂತ ಗಿಟಾರಿಗ ಮಾರ್ಕ್ ನಾಫ್ಲರನ್ನು ಕರೆಸಿ ಗಂಟೆಗಟ್ಟಲೆ ಬಾರಿಸಿಕೊಂಡು, 'ಗೌಚೋ' ಆಲ್ಬಮ್ಮಿನಲ್ಲಿ ಬಳಸಿಕೊಂಡದ್ದು ಕೆಲವೇ ಸೆಕೆಂಡು. ಅದನ್ನೂ ಭಕ್ತರು ಹೆಮ್ಮೆಯಿಂದಲೇ ಹೇಳುತ್ತಾರೆ. ನಮ್ಮ ಮನೆಗೆ ಬಂದ ಬಡಗಿಯನ್ನು ಹೀಗೆ ಎಂಟು ಸಲ ಬಿಚ್ಚಿಸಿ ಜೋಡಿಸಿದರೆ ಅವನು ಮತ್ತೆ ಫೋನ್ ಎತ್ತುವುದಿಲ್ಲ. ಇಲ್ಲಿ ಅದು ಕಲೆ.

ಬಾರಿಸುವ ಮನುಷ್ಯರು ಎಷ್ಟು ಒಳ್ಳೆಯವರಾದರೂ ಮನುಷ್ಯರೇ ಅಲ್ವಾ. ಅದಕ್ಕೆ ಗೌಚೋ ಮಾಡುವಾಗ ಇವರ ಇಂಜಿನಿಯರ್ ರೋಜರ್ ನಿಕಲ್ಸ್ ಒಂದೂವರೆ ಲಕ್ಷ ಡಾಲರ್ ಇಸಿದುಕೊಂಡು, ಡ್ರಮ್ ಏಟುಗಳನ್ನು ಕೂದಲೆಳೆ ತಪ್ಪದ ಹಾಗೆ ಕೂರಿಸುವ ಒಂದು ಯಂತ್ರ ಕಟ್ಟಿದ. ಹೆಸರು ವೆಂಡೆಲ್. ಅದೇ ಭಕ್ತರು ಇನ್ನೊಂದು ದಿನ ಇದೇ ಕುರ್ಚಿಯಲ್ಲಿ ಕೂರಿಸಿ, 1977ರ ಆ ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡಿನಲ್ಲಿ ಸ್ಟೀವ್ ಗ್ಯಾಡ್ ಡ್ರಮ್ಸ್ ಬಾರಿಸಿದ್ದು ಒಂದೇ ಟೇಕಿನಲ್ಲಿ, ಏನು ಜೀವ ಇದೆ ನೋಡಿ ಅನ್ನುತ್ತಾರೆ. ಒಂದಲ್ಲ, ಎರಡು ಅಂತ ಮತ್ತೊಬ್ಬ. ಹೀಗೆ ಜಗಳ ಆಡಿ ಮಾತು ಬಿಟ್ಟ ಇಬ್ಬರನ್ನು ನಾನು ಬಲ್ಲೆ.

ಇನ್ನು ಅಳಿಸಿ ಹೋದ ಹಾಡಿನ ಕಥೆ. ಇದು ಬಂದಾಗ ರಾಯರು ದೀಪ ಸಣ್ಣ ಮಾಡುತ್ತಾರೆ, ನಿಜವಾಗಿ. 1979ರ ಕೊನೆಯಲ್ಲಿ 'ದಿ ಸೆಕೆಂಡ್ ಅರೇಂಜ್‌ಮೆಂಟ್' ಎಂಬ ಹಾಡು ಹೆಚ್ಚುಕಡಿಮೆ ಮುಗಿದಿತ್ತು. ಸಹಾಯಕ ಇಂಜಿನಿಯರ್ ಒಬ್ಬ ಗೊತ್ತಾಗದೆ ಟೇಪಿನ ಮುಕ್ಕಾಲು ಭಾಗ ಅಳಿಸಿಬಿಟ್ಟ. ಮತ್ತೆ ರೆಕಾರ್ಡ್ ಮಾಡಿ ನೋಡಿದರು, ಹಿಡಿಸಲಿಲ್ಲ, ಕೈಬಿಟ್ಟರು. ಅಂದಿನಿಂದ ಭಕ್ತರಿಗೆ ಅದೇ ಬ್ಯಾಂಡಿನ ಅತಿ ಶ್ರೇಷ್ಠ ಹಾಡು. ಇಲ್ಲದ ಹಾಡಿನಷ್ಟು ಪರಿಪೂರ್ಣ ಹಾಡು ಇನ್ಯಾವುದಿದೆ ಹೇಳಿ. ಆಮೇಲೆ ನಿಕಲ್ಸ್ ಕುಟುಂಬದ ಬಳಿಯಿದ್ದ ಒಂದು ಹಳೇ ಕ್ಯಾಸೆಟ್ಟಿನಲ್ಲಿ ಅದು ಸಿಕ್ಕೇಬಿಟ್ಟಿತು, 2023ರಲ್ಲಿ ಹೊರಗೂ ಬಂತು. ಎಲ್ಲರೂ ಕೇಳಿದರು. ಚೆನ್ನಾಗಿದೆ ಅಂದರು. ನಾನು ರಾಯರಿಗೆ ಅಭಿನಂದನೆ ಹೇಳಲು ಫೋನ್ ಮಾಡಿದರೆ ದನಿಯಲ್ಲಿ ಸೂತಕ. "ಸಿಕ್ಕಿತು," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕ್ಯಾಸೆಟ್ ಅಲ್ವೇನ್ರೀ. ಬುಸ್ ಅನ್ನೋ ಹಿಸ್ ಜಾಸ್ತಿ."

ದುಡ್ಡಿನ ವಿಷಯಕ್ಕೆ ಬರೋಣ. 1980ರಲ್ಲಿ ಗೌಚೋ ಬಂದಾಗ ಕಂಪನಿ ಬೆಲೆಯನ್ನು ಒಂದು ಡಾಲರ್ ಏರಿಸಿ 9.98 ಮಾಡಿತು. ಜನ ಬೈದರು. ಮರು ವರ್ಷ ಕಂಪನಿ ಅದೇ ಬೆಲೆಯನ್ನು ತನ್ನ ಆಲ್ಬಮ್ಮಿಗೂ ಹಚ್ಚಲು ಬಂದಾಗ ರಾಕ್ ಹಾಡುಗಾರ ಟಾಮ್ ಪೆಟ್ಟಿ ಹಟ ಹಿಡಿದು 8.98ಕ್ಕೇ ಉಳಿಸಿಕೊಂಡ. ಈಗ ಅದೇ ಸ್ಟೀಲಿ ಡ್ಯಾನ್ ರೆಕಾರ್ಡುಗಳ ವಿಶೇಷ ಆವೃತ್ತಿಗೆ 150 ಡಾಲರ್. ಒಂದು ತಟ್ಟೆಯಲ್ಲಿ ಹಿಡಿಯುವ ನಲವತ್ತು ನಿಮಿಷದ ಸಂಗೀತವನ್ನು, ಸದ್ದು ಇನ್ನೂ ಚೆನ್ನಾಗಿರಲಿ ಅಂತ ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಕೊರೆದು ಎರಡು ತಟ್ಟೆ ಮಾಡಿದ್ದಾರೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ತಿರುಗಿಸಬೇಕು. ದೋಸೆ ಹುಯ್ಯುವವರೂ ಇಷ್ಟು ಸಲ ಏಳುವುದಿಲ್ಲ. ತಮಾಷೆ ಏನು ಅಂದರೆ, ಆ 1977ರ ಆಲ್ಬಮ್ಮಿನ ಮೂಲ ಮಿಕ್ಸ್ ಟೇಪು ಕಂಪನಿಯ ಕೈ ಸೇರಿದ ಕುರುಹೇ ಇಲ್ಲ, ಈಗ ಅದು ಇಲ್ಲವೆಂದೇ ತಿಳಿಯಬೇಕು ಅಂತ ಮಾರುವವರೇ ಒಪ್ಪಿಕೊಂಡು, ನಕಲು ಟೇಪಿನಿಂದ ಮಾಡಿದ್ದಾರೆ. ರಾಯರು ಅದನ್ನು ಕೇಳಿಸಿ "ಮೂಲಕ್ಕೆ ಎಷ್ಟು ಹತ್ತಿರ ಇದೆ ನೋಡಿ" ಅಂದರು. ಮೂಲ ಇದ್ದಿದ್ದರೆ ಹೋಲಿಸಬಹುದಿತ್ತು. ನಾನು ಅಲ್ಲಾಡದೆ ಕೂತೆ.

ಈ ಕಿವಿಗಳ ಪರೀಕ್ಷೆಯೂ ಒಮ್ಮೆ ನಡೆದುಹೋಯಿತು. ಮೊಬೈಲ್ ಫಿಡೆಲಿಟಿ ಅಂತ ದುಬಾರಿ ರೆಕಾರ್ಡ್ ಮಾಡುವ ಕಂಪನಿ ಇದೆ. ಶುದ್ಧ ಅನಲಾಗ್, ಅಂದರೆ ಟೇಪಿನಿಂದ ನೇರ ರೆಕಾರ್ಡಿಗೆ, ನಡುವೆ ಡಿಜಿಟಲ್‌ನ ಸೋಂಕೇ ಇಲ್ಲ ಅಂತ ಭಕ್ತರು ನಂಬಿಕೊಂಡು, ಡಿಜಿಟಲ್ ಇದ್ದರೆ ನಮ್ಮ ಕಿವಿಗೆ ಎರಡೇ ಸೆಕೆಂಡಿನಲ್ಲಿ ಗೊತ್ತಾಗುತ್ತೆ ಅಂತ ಬೀಗುತ್ತಿದ್ದರು. 2022ರಲ್ಲಿ ಗುಟ್ಟು ಹೊರಬಿತ್ತು: ಮಧ್ಯದಲ್ಲಿ ಡಿಜಿಟಲ್ ಹಂತ ಇತ್ತು, ಅದೂ ಎಷ್ಟೋ ವರ್ಷಗಳಿಂದ. ವರ್ಷಗಟ್ಟಲೆ ಒಬ್ಬನ ಕಿವಿಗೂ ಗೊತ್ತಾಗಿರಲಿಲ್ಲ. ಈರುಳ್ಳಿ ಮುಟ್ಟದ ಮನೆಯವರು ಹತ್ತು ವರ್ಷ ಸಂಭ್ರಮದಿಂದ ತಿಂದ ಸಾರಿನಲ್ಲಿ ಈರುಳ್ಳಿ ಇತ್ತು ಅಂತ ತಿಳಿದ ಹಾಗೆ. ಕೋರ್ಟಿಗೆ ಹೋದರು. ಕೋರ್ಟಿಗೆ ಹೋಗುವುದು ಬಿಟ್ಟು ಕಿವಿ ಡಾಕ್ಟರ ಹತ್ತಿರ ಹೋಗಬಹುದಿತ್ತು.

ನಗು ಬರುವುದು ಯಾಕೆ ಅಂದರೆ, ಫೇಗನ್ ಮತ್ತು ಅವನ ಜೊತೆಗಾರ ವಾಲ್ಟರ್ ಬೆಕರ್ ಇಷ್ಟೆಲ್ಲ ಮಾಡಿದ್ದು ಇಂಥವರನ್ನು ಆಡಿಕೊಳ್ಳುವುದಕ್ಕೇ. 1967ರಲ್ಲಿ ಬಾರ್ಡ್ ಕಾಲೇಜಿನಲ್ಲಿ ಸಿಕ್ಕ ಈ ಇಬ್ಬರು ಬ್ಯಾಂಡಿಗೆ ಇಟ್ಟ ಹೆಸರೇ ವಿಲಿಯಂ ಬರೋಸ್ ಕಾದಂಬರಿಯೊಂದರಲ್ಲಿ ಬರುವ ಒಂದು ಸಲಕರಣೆಯದು. ಏನು ಸಲಕರಣೆ ಅಂತ ರಾಯರ ಹೆಂಡತಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಬ್ಯಾಂಡಿನ ಪೋಸ್ಟರ್ ದೇವರ ಮನೆಯ ಗೋಡೆಗೆ ಒತ್ತಿಕೊಂಡು ಇರುವುದಿಲ್ಲ. ಹಾಡುಗಳಲ್ಲಿ ಬರುವವರೂ ಅಷ್ಟೇ: ಜೂಜುಕೋರರು, ಮಾದಕದ್ರವ್ಯ ಮಾರುವವರು, ಉಪನಗರದಲ್ಲಿ ಕೂತು ನಾನೂ ಸ್ಯಾಕ್ಸೋಫೋನ್ ಕಲಿತು ದೊಡ್ಡ ಕಲಾವಿದನಾಗುತ್ತೇನೆ ಅಂತ ಕನಸು ಕಾಣುವ ಸೋತ ಗಂಡಸರು. ಆ ಕೊನೆಯದು 'ಡೀಕನ್ ಬ್ಲೂಸ್'. ರಾಯರು ಅದನ್ನು ವಾರಕ್ಕೆ ಮೂರು ಸಲ ಕೇಳುತ್ತಾರೆ. ಅವರ ಸ್ಯಾಕ್ಸೋಫೋನ್ ಪೆಟ್ಟಿಗೆ ಕುರ್ಚಿಯ ಹಿಂದೆಯೇ ಇದೆ, ಒಂಬತ್ತು ವರ್ಷದಿಂದ. ಅದರ ಮೇಲೆ ದೀಪಾವಳಿಯ ಲೈಟು ಸರ ಇಟ್ಟಿದ್ದಾರೆ.

2001ರ ಗ್ರ್ಯಾಮಿ ಪ್ರಸಂಗ ಕೇಳಿದರೆ ನಿಮಗೂ ಖುಷಿಯಾಗುತ್ತೆ. ವರ್ಷದ ಆಲ್ಬಮ್ ಪ್ರಶಸ್ತಿಗೆ ಎಮಿನೆಮ್ ಇದ್ದ, ರೇಡಿಯೋಹೆಡ್ ಇತ್ತು. ಎಮಿನೆಮ್‌ನ ಸಾಹಿತ್ಯ ಅಸಭ್ಯ, ಮಕ್ಕಳು ಕೆಡುತ್ತಾರೆ ಅಂತ ದೊಡ್ಡ ಗಲಾಟೆ. ಕೊನೆಗೆ ಪ್ರಶಸ್ತಿ ಹೋದದ್ದು ಇಪ್ಪತ್ತು ವರ್ಷದ ಮೇಲೆ ಹೊಸ ಆಲ್ಬಮ್ ತಂದಿದ್ದ ಈ ಇಬ್ಬರಿಗೆ. ಸದ್ಯ, ಮರ್ಯಾದಸ್ತರು ಗೆದ್ದರು ಅಂತ ಎಷ್ಟೋ ಹಿರಿಯರು ಉಸಿರು ಬಿಟ್ಟರು. ಆ ಮರ್ಯಾದಸ್ತರ ಆಲ್ಬಮ್ಮಿನಲ್ಲಿ, ಆಂಟಿಯ ಮನೆಯ ಸೋಫಾದ ಮೇಲೆ ಬಿಡಾರ ಹೂಡಿ ಆಂಟಿಯ ಮಗಳ ಮೇಲೆ ಕಣ್ಣು ಹಾಕುವ ದುಪ್ರೀ ಎಂಬ ಸೋಮಾರಿಯ ಹಾಡಿದೆ. ಅದಕ್ಕೂ ಒಂದು ಗ್ರ್ಯಾಮಿ! ಸದ್ದು ಅಷ್ಟು ನುಣುಪಾಗಿದ್ದರೆ ಒಳಗೆ ಏನಿದ್ದರೂ ನಡೆಯುತ್ತೆ. ನನಗೆ ಮಾತ್ರ ಒಂದು ಸಂಶಯ ಇನ್ನೂ ಉಳಿದಿದೆ. ಇಂಗ್ಲಿಷಿನವರ ಆಂಟಿ ಅಂದರೆ ಅತ್ತೆಯೋ ಚಿಕ್ಕಮ್ಮನೋ? ಚಿಕ್ಕಮ್ಮನಾದರೆ ರಾಮ ರಾಮ, ಕೇಳಲೇಬಾರದು. ಅತ್ತೆಯಾದರೆ ಇದರಲ್ಲಿ ತಪ್ಪೇನಿದೆ, ಜಾತಕ ನೋಡಿ ಛತ್ರ ಬುಕ್ ಮಾಡಿದರಾಯಿತು. ರಾಯರನ್ನು ಕೇಳಿದೆ. ಅವರು ಆ ಹಾಡಿನ ಸಾಹಿತ್ಯವನ್ನೇ ಗಮನಿಸಿರಲಿಲ್ಲ.

ಬ್ಯಾಂಡಿನಲ್ಲಿ ಮೊದಲು ಜೆಫ್ 'ಸ್ಕಂಕ್' ಬ್ಯಾಕ್ಸ್‌ಟರ್ ಅಂತ ಗಿಟಾರಿಗ ಇದ್ದ. 1974ರಲ್ಲಿ ಇವರಿಬ್ಬರೂ ಊರೂರು ತಿರುಗಿ ಬಾರಿಸುವುದನ್ನೇ ನಿಲ್ಲಿಸಿದಾಗ ಬಿಟ್ಟು ಹೋದ. ಮುಂದೆ ಅಮೆರಿಕ ಸರ್ಕಾರಕ್ಕೆ ಕ್ಷಿಪಣಿ ರಕ್ಷಣೆಯ ಸಲಹೆಗಾರನಾದ. ಜನ ಇದನ್ನು ಆಶ್ಚರ್ಯ ಅನ್ನುತ್ತಾರೆ. ಆ ಇಬ್ಬರ ಮುಂದೆ ಗಿಟಾರ್ ಬಾರಿಸಿ ಒಪ್ಪಿಸಿದವನಿಗೆ ಕ್ಷಿಪಣಿ ಏನು ಮಹಾ.

ಮೊನ್ನೆಯ ಭಾನುವಾರ ಹೀಗೇ ಕೂತಿದ್ದೆವು. ಮೆಟ್ಟಿಲ ಮೇಲೆ ರಾಯರ ಮಗಳು ಕಾಣಿಸಿಕೊಂಡಳು. ಕಾಲೇಜಿನಿಂದ ರಜೆಗೆ ಬಂದಿದ್ದಾಳೆ, ಹತ್ತೊಂಬತ್ತು ವರ್ಷ. ಮೈಮೇಲೆ ಸ್ಟೀಲಿ ಡ್ಯಾನ್ ಟೀಶರ್ಟ್! ಆ ಟೀಶರ್ಟ್ ತೊಟ್ಟ ಶ್ರೀಮಂತರ ಮಕ್ಕಳನ್ನು ಈ ಬ್ಯಾಂಡು 1973ರಲ್ಲೇ ಒಂದು ಹಾಡಿನಲ್ಲಿ ಆಡಿಕೊಂಡಿದೆ ಅಂತ ಹೇಳಲು ಬಾಯಿ ತೆರೆದೆ, ರಾಯರ ಕಣ್ಣಲ್ಲಿ ನೀರು ಕಂಡು ಮುಚ್ಚಿಕೊಂಡೆ.

"ಪುಟ್ಟೀ, ನಿಂಗೂ ಇಷ್ಟಾನಾ? ಯಾವ ಆಲ್ಬಮ್ಮು?"

"ಯಾವುದಪ್ಪಾ? ಓ, ಇದಾ. ಸೇಲಲ್ಲಿತ್ತು, ಬಣ್ಣ ಚೆನ್ನಾಗಿತ್ತು. ಅಮ್ಮ ಊಟಕ್ಕೆ ಕರೀತಿದಾಳೆ."

"ಕೂತ್ಕೋ, ಕೂತ್ಕೋ ಎರಡು ನಿಮಿಷ," ಅಂತ ರಾಯರು ನನ್ನನ್ನು ಎಬ್ಬಿಸಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಗೌಚೋ ಹಾಕಿದರು. ಎರಡನೇ ಹಾಡು 'ಹೇ ನೈಂಟೀನ್'. ವಯಸ್ಸಾದ ಗಂಡಸೊಬ್ಬ ಹತ್ತೊಂಬತ್ತರ ಹುಡುಗಿಗೆ ತನ್ನ ಕಾಲದ ಸಂಗೀತದ ಬಗ್ಗೆ ಕೊರೆಯುತ್ತಾನೆ, ಅವಳಿಗೆ ಅರೀತಾ ಫ್ರಾಂಕ್ಲಿನ್ ಯಾರು ಅಂತಲೇ ಗೊತ್ತಿಲ್ಲ, ಮಾತಾಡಲು ಇಬ್ಬರಿಗೂ ಏನೂ ಉಳಿದಿಲ್ಲ ಅನ್ನುವುದು ಹಾಡು. ರಾಯರು ಅದರ ಮೇಲೆಯೇ, ಈ ಡ್ರಮ್ ಬರೀ ಮನುಷ್ಯ ಬಾರಿಸಿದ್ದಲ್ಲ ಪುಟ್ಟಿ, ಆ ಕಾಲದಲ್ಲಿ ಒಂದೂವರೆ ಲಕ್ಷ ಡಾಲರ್ ಅಂದರೆ ಈಗ ಎಷ್ಟು ಗೊತ್ತಾ, ವೆಂಡೆಲ್ ಅಂತ, ಅಂತ ಶುರು ಮಾಡಿದರು. ಹುಡುಗಿ ಕೈಯಲ್ಲಿ ಫೋನ್ ಹಿಡಿದು ತಲೆ ಆಡಿಸುತ್ತಿದ್ದಳು. ನಡುವೆ ಒಮ್ಮೆ ರಾಯರು ಬಗ್ಗಿ, ಎರಡು ಬೆರಳಿನಲ್ಲಿ ಅವಳ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು.