ಅಪ್ಪುಗೆ ಎಲ್ಲರಿಗೂ ಬೇಕು, ಅಜ್ಜ ಯಾರಿಗೂ ಬೇಡ

ಮತ್ತೆ ಅದೇ ಫೋಟೊ. ಹಿರೋಷಿಮಾದಲ್ಲಿ ಒಬಾಮಾ ಜಪಾನಿನ ಅಜ್ಜನೊಬ್ಬರನ್ನು ತಬ್ಬಿಕೊಂಡಿದ್ದಾರಲ್ಲ, ಅದು. ಇವತ್ತು ಬೆಳಿಗ್ಗೆ ನಮ್ಮ ಭಾವ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ 'ಅಣುಬಾಂಬ್ ಹಾಕಿದ್ದಕ್ಕೆ ಕ್ಷಮೆ ಕೇಳಿದ ಅಮೆರಿಕ!' ಅಂತ. ಅದಕ್ಕೆ ಸಾಲು ಸಾಲು ಕೈಮುಗಿಯುವ ಇಮೋಜಿ.

ಒಬಾಮಾ ಕ್ಷಮೆ ಕೇಳಲಿಲ್ಲ. ಕೇಳುವುದಿಲ್ಲ ಅಂತ ಬರುವ ಮೊದಲೇ ಹೇಳಿದ್ದರು. ಹೋಗಲಿ, ನನ್ನ ತಕರಾರು ಅದಲ್ಲ. ಆ ಅಜ್ಜ ಯಾರು ಅಂತ ಒಬ್ಬರಾದರೂ ಕೇಳಬಾರದಾ?

ಅವರ ಹೆಸರು ಶಿಗೆಯಾಕಿ ಮೊರಿ. ಬಾಂಬ್ ಬಿದ್ದಾಗ 8 ವರ್ಷದ ಹುಡುಗ. ಸೇತುವೆ ಮೇಲಿದ್ದವರನ್ನು ಸ್ಫೋಟದ ಗಾಳಿ ಹೊಳೆಗೆ ಎಸೆಯಿತು, ಬದುಕಿದರು. ಆದರೆ 2016ರ ಮೇ 27ರಂದು ಅವರನ್ನು ಅಲ್ಲಿಗೆ ಕರೆದದ್ದು ಬರೀ ಬದುಕಿ ಉಳಿದರು ಅಂತಲ್ಲ. ಹಿರೋಷಿಮಾದಲ್ಲಿ ಸತ್ತ 12 ಅಮೆರಿಕನ್ ಸೈನಿಕರ ಗುರುತು ಹುಡುಕಿ ತೆಗೆದವರು ಅವರು.

ಹೌದು, ಅಮೆರಿಕನ್ನರೇ. ತಮ್ಮದೇ ದೇಶದ ಬಾಂಬಿಗೆ ಸತ್ತವರು.

ನನ್ನ ವಿಮಾನದ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಯಲಹಂಕದಲ್ಲಿ ಏರ್ ಶೋ ಅಂದರೆ ಆಫೀಸಿಗೆ ರಜೆ ಹಾಕುವವನು ನಾನು. ತಲೆ ಮೇಲೆ ಜೆಟ್ ಹೋದರೆ ಈಗಲೂ ಮೈ ಜುಮ್ಮೆನ್ನುತ್ತೆ, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಈ ಕಥೆ ನನ್ನನ್ನು ಜಾಸ್ತಿ ಕಾಡುತ್ತೆ.

1945ರ ಜುಲೈ 28. ಓಕಿನಾವಾದಿಂದ ಹೊರಟ ಅಮೆರಿಕದ ಬಿ-24 ಬಾಂಬರ್‌ಗಳಲ್ಲಿ ಒಂದು 'ಲೋನ್ಸಮ್ ಲೇಡಿ'. ನಾಲ್ಕು ಎಂಜಿನ್, ಒಳಗೆ 9 ಜನ. ಗುರಿ ಕುರೆ ಬಂದರಿನ 'ಹರುನಾ' ಯುದ್ಧನೌಕೆ. ಹೆಸರಿಗಷ್ಟೇ ನೌಕೆ ಅದು. ಜಪಾನಿನ ಹತ್ತಿರ ಎಣ್ಣೆಯೇ ಇರಲಿಲ್ಲ. ಹಡಗುಗಳನ್ನು ದಡದ ಬಳಿ ಕಟ್ಟಿಹಾಕಿ, ವಿಮಾನ ಹೊಡೆಯುವ ತೋಪುಗಳಿಗೆ ಕಟ್ಟೆಯ ಹಾಗೆ ಬಳಸುತ್ತಿದ್ದರು. ಎಲ್ಲಿಗೂ ಹೋಗಲಾರದ ಹಡಗನ್ನು ಮುಳುಗಿಸಲು ಹೋದವರು ಇವರು. ಹರುನಾ ಅದೇ ದಿನ ನೀರಲ್ಲಿ ಕುಸಿದು ಕೂತಿತು. ಲೋನ್ಸಮ್ ಲೇಡಿಗೂ ಕೆಳಗಿನಿಂದ ಗುಂಡು ತಾಗಿತು. ವಿಮಾನ ಹೋಗಿ ಬಿದ್ದದ್ದು ಯಾಮಾಗುಚಿ ಪ್ರಾಂತ್ಯದ ಇಕಾಚಿ ಎಂಬ ಹಳ್ಳಿಯ ಗುಡ್ಡದಲ್ಲಿ.

ಹುಡುಗರು ಪ್ಯಾರಾಚೂಟ್‌ನಲ್ಲಿ ಹಾರಿದರು. ನ್ಯಾವಿಗೇಟರ್ ಉಳಿಯಲಿಲ್ಲ. ಮಿಕ್ಕವರು ಸೆರೆ ಸಿಕ್ಕರು. ಪೈಲಟ್ ಥಾಮಸ್ ಕಾರ್ಟ್‌ರೈಟ್ ಅವರನ್ನು ವಿಚಾರಣೆಗೆ ಅಂತ ಟೋಕಿಯೋ ಕಡೆ ಸಾಗಿಸಿದರು. ಬಾಲದ ಗನ್ನರ್ ತಡವಾಗಿ ಸಿಕ್ಕಿದ್ದರಿಂದ ಬೇರೆ ಕಡೆ ಇದ್ದ. ಉಳಿದ 6 ಜನ ಹಿರೋಷಿಮಾದ ಮಿಲಿಟರಿ ಪೊಲೀಸ್ ಕಸ್ಟಡಿಯಲ್ಲಿ. ಒಂಬತ್ತನೇ ದಿನಕ್ಕೆ ಬಾಂಬ್ ಬಿತ್ತು.

ಅವರಲ್ಲಿ ರಾಲ್ಫ್ ನೀಲ್ ಅನ್ನುವವನು ಆವತ್ತು ಸಾಯಲಿಲ್ಲ. ಅವನೂ ನೌಕಾಪಡೆಯ ನಾರ್ಮಂಡ್ ಬ್ರಿಸೆಟ್ ಎಂಬ ಇನ್ನೊಬ್ಬ ಸೆರೆಯಾಳೂ ಬೆಂಕಿಯಿಂದ ತಪ್ಪಿಸಿಕೊಳ್ಳಲು ಹೊಲಸು ನೀರಿನ ಗುಂಡಿಗೆ ಇಳಿದರು. ಬೆಂಕಿಯಿಂದೇನೋ ಪಾರಾದರು. ವಿಕಿರಣ ಬಿಡಲಿಲ್ಲ. ಇಬ್ಬರೂ ಸತ್ತದ್ದು ಆಗಸ್ಟ್ 19ಕ್ಕೆ. ಜಪಾನ್ ಶರಣಾಗಿ ಆಗಲೇ ನಾಲ್ಕು ದಿನ.

ಮನೆಯವರಿಗೆ ಅಮೆರಿಕದ ಸರ್ಕಾರ ಏನು ಹೇಳಿತು? ಯುದ್ಧದಲ್ಲಿ ತೀರಿಕೊಂಡರು, ಅಷ್ಟೇ. ಹಿರೋಷಿಮಾ ಅನ್ನುವ ಹೆಸರು ಬಾಯಿಗೆ ಬರಲು ದಶಕಗಳೇ ಬೇಕಾದವು. ಇದು ಸರ್ಕಾರದ ಕೆಲಸ ಆಗಬೇಕಿತ್ತು, ಅಲ್ವಾ? ಮಾಡಿದ್ದು ಯಾರು? ಇದೇ ಮೊರಿ, ಹಿರೋಷಿಮಾದ ಒಬ್ಬ ಸಾಧಾರಣ ನೌಕರಸ್ಥ. ಇಂಗ್ಲಿಷ್ ಸರಿಯಾಗಿ ಬಾರದು. ಇಂಟರ್‌ನ್ಯಾಷನಲ್ ಆಪರೇಟರ್ ಹಿಡಿದು, ಅಮೆರಿಕದಲ್ಲಿ ಆ ಮನೆತನದ ಹೆಸರಿರುವವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಹಚ್ಚಿಸುತ್ತಿದ್ದರಂತೆ. ನಿಮ್ಮ ಮನೆಯ ಹುಡುಗ ಯುದ್ಧಕ್ಕೆ ಹೋಗಿ ಕಾಣೆಯಾಗಿದ್ದನಾ? ಇಲ್ಲವಾ? ಸರಿ, ಮುಂದಿನ ನಂಬರ್. ಫೋನ್ ಬಿಲ್ ಅವರದೇ ಜೇಬಿನಿಂದ. 1998ರಲ್ಲಿ ಆ ಮಿಲಿಟರಿ ಪೊಲೀಸ್ ಕಚೇರಿ ಇದ್ದ ಜಾಗದಲ್ಲಿ ಒಂದು ಫಲಕವನ್ನೂ ಹಾಕಿಸಿದರು.

ಇಷ್ಟೆಲ್ಲ ಬಿಟ್ಟು ನಮಗೆ ಬೇಕಾದದ್ದು ಅಪ್ಪುಗೆ ಮಾತ್ರ. ಅಜ್ಜ ಯಾರಾದರೇನು, ಕಣ್ಣಲ್ಲಿ ನೀರಿದ್ದರೆ ಸಾಕು.

ಗ್ರೂಪಿನಲ್ಲಿ ಇದನ್ನು ಬರೆದೆ. ತಕ್ಷಣ ಬಂತು ಉತ್ತರ: 'ಆ ವರ್ಷದ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತವರು ಸುಮಾರು 1,40,000 ಜನ. ಬಾಂಬ್ ಹಾಕಲು ಬಂದ 12 ಜನಕ್ಕೆ ಯಾಕಪ್ಪಾ ಇಷ್ಟು ಅಳು?' ಲೆಕ್ಕ ಸರಿಯೇ. ಬಂದದ್ದು ಬಾಂಬ್ ಹಾಕಲು ಅನ್ನೋದೂ ಸರಿಯೇ. ಆದರೆ ಸ್ವಾಮಿ, ಈ ಮಾತು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಮೊರಿ ಅವರಿಗಿತ್ತು. ಅವರು ಹೇಳಲಿಲ್ಲ. 40 ವರ್ಷಕ್ಕೂ ಜಾಸ್ತಿ ಅದೇ 12 ಜನರ ಹಿಂದೆ ಬಿದ್ದರು. ಇಲ್ಲಿ ಸೋಫಾ ಮೇಲೆ ಕೂತು ಕಾಫಿ ಹೀರುವ ನಮಗೆ ಅವರಿಗಿಂತ ಜಾಸ್ತಿ ಸಿಟ್ಟಾ?

ಇಕಾಚಿಯ ಜನ ನೋಡಿ. ತಮ್ಮ ಗುಡ್ಡಕ್ಕೆ ಬಂದು ಬಿದ್ದ ಶತ್ರು ವಿಮಾನಕ್ಕೆ ಸ್ಮಾರಕ ಮಾಡಿದ್ದಾರೆ. 1999ರಲ್ಲಿ ಕಾರ್ಟ್‌ರೈಟ್ ಅಲ್ಲಿಗೆ ಹೋಗಿ ಬಂದರು. ಆ ಭೇಟಿಯ ಫೋಟೊ ಮಾತ್ರ ನನಗೆ ಯಾವ ಗ್ರೂಪಿನಲ್ಲೂ ಬಂದಿಲ್ಲ. ಅದರಲ್ಲಿ ಒಬಾಮಾ ಇಲ್ಲವಲ್ಲ!

ಅದೇ ದಿನ ಕುರೆಯಲ್ಲಿ ಗುಂಡೇಟು ತಿಂದು ಬಿದ್ದ ಇನ್ನೊಂದು ಬಿ-24 ಇದೆ, 'ತಲೋವಾ' ಅಂತ. ಅದರವರೂ ಈ 12ರಲ್ಲಿದ್ದಾರೆ. ಬರೆಯಬೇಕು, ಆದರೆ ಈಗಲೇ ಉದ್ದವಾಯ್ತು. ಭಾವ ಇದನ್ನು ಓದುತ್ತಾರೆ ಅಂತ ಗೊತ್ತು. ಸಿಟ್ಟಾಗಲಿ ಬಿಡಿ, ಭಾನುವಾರ ಊಟಕ್ಕೆ ಹೇಗೂ ನಮ್ಮ ಮನೆಗೇ ಬರ್ತಾರೆ.